ರಾ ಫೈಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹವ್ಯಾಸಿ ಛಾಯಾಗ್ರಾಹಕರೂ ಜೆಪೆಗ್ ಬಿಟ್ಟು ರಾ ಫಾರ್ಮ್ಯಾಟ್‌ನಲ್ಲಿ ಫೋಟೊ ತೆಗೆಯುವುದು ಒಳ್ಳೆಯದು ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ರಾ ಎಂದರೆ ಕ್ಯಾಮೆರಾದ ಸೆನ್ಸರ್ (ಬೆಳಕು ಅಳೆಯುವ ಚಿಪ್) ದಾಖಲಿಸಿದ ಅಂಕಿಗಳನ್ನು ಸಂಸ್ಕರಿಸದೆ ಇಟ್ಟ ಫೈಲು; ಜೆಪೆಗ್ ಎಂದರೆ ಕ್ಯಾಮೆರಾವೇ ಸಂಸ್ಕರಿಸಿ ಕುಗ್ಗಿಸಿ ಕೊಡುವ ಚಿತ್ರ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಹಲವರಿಗೆ ಉಪಯೋಗವಾಗುವಂಥವನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಹಂಪಿಯ ಮಂಟಪಗಳ ಒಳಗೆ ನಿಂತು, ಕಂಬಗಳ ನಡುವೆ ಹೊರಗಿನ ಬೆಟ್ಟ ಮತ್ತು ಆಕಾಶ ಕಾಣುವಂತೆ ಫೋಟೊ ತೆಗೆಯುವುದು ನನಗೆ ಇಷ್ಟ. ಆದರೆ ಒಂದೋ ಕಂಬಗಳು ಕಪ್ಪಾಗುತ್ತವೆ, ಇಲ್ಲವೇ ಆಕಾಶ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಕಂಪ್ಯೂಟರಿನಲ್ಲಿ ಕಪ್ಪು ಭಾಗ ಬೆಳಗಿಸಲು ಹೋದರೆ ಕಲೆಕಲೆಯಾಗಿ ಕಾಣುತ್ತದೆ. ರಾ ಬಳಸಿದರೆ ಸರಿಹೋಗುತ್ತದೆಯೇ?
— ಹೊಸಪೇಟೆಯ ಓದುಗರು

ಬಹುಪಾಲು ಸರಿಹೋಗುತ್ತದೆ. ರಾ ಬಳಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನೊಂದಿಲ್ಲ.

ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್. ಅಂದರೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು. ಈಗಿನ ಬಹುತೇಕ ಕ್ಯಾಮೆರಾಗಳ ರಾ ಫೈಲ್ 12 ಅಥವಾ 14 ಬಿಟ್‌ನದು. 12 ಬಿಟ್ಟಿಗೆ 4,096 ಮೆಟ್ಟಿಲು, 14 ಬಿಟ್ಟಿಗೆ 16,384. ಸೆನ್ಸರ್ ಬೆಳಕನ್ನು ಇದ್ದ ಹಾಗೇ ಎಣಿಸುವುದರಿಂದ ಈ ಮೆಟ್ಟಿಲುಗಳು ಸಮನಾಗಿ ಹಂಚಿಕೆಯಾಗುವುದಿಲ್ಲ. ಬೆಳಕು ಇಮ್ಮಡಿಯಾಗುವ ಅಥವಾ ಅರ್ಧಕ್ಕಿಳಿಯುವ ಒಂದು ಹಂತಕ್ಕೆ ಸ್ಟಾಪ್ ಎನ್ನುತ್ತಾರೆ. 14 ಬಿಟ್ ಫೈಲಿನಲ್ಲಿ ಅತಿ ಬೆಳಕಿನ ಒಂದು ಸ್ಟಾಪ್ ಅರ್ಧ ಭಾಗವನ್ನು, ಅಂದರೆ 8,192 ಮೆಟ್ಟಿಲುಗಳನ್ನು, ತಾನೇ ತೆಗೆದುಕೊಳ್ಳುತ್ತದೆ. ಮುಂದಿನ ಸ್ಟಾಪಿಗೆ 4,096, ಅದರ ಮುಂದಿನದಕ್ಕೆ 2,048. ಹೀಗೆ ಇಳಿಯುತ್ತ ಮೇಲಿನಿಂದ ಆರನೇ ಸ್ಟಾಪಿಗೆ ಬರುವ ಹೊತ್ತಿಗೆ ಉಳಿಯುವುದು 256. ನಿಮ್ಮ ಕಂಬದ ನೆರಳಿನ ಬದಿ ಸುಮಾರಾಗಿ ಅಲ್ಲಿರುತ್ತದೆ. ಸಾಮಾನ್ಯ ಜೆಪೆಗ್‌ನಲ್ಲಿ ಅದೇ ಸ್ಟಾಪಿಗೆ ಸಿಗುವುದು ಹೆಚ್ಚೆಂದರೆ ಹದಿನೈದಿಪ್ಪತ್ತು ಮೆಟ್ಟಿಲು. ಕಂಬದ ಕೆತ್ತನೆಯ ಏರುತಗ್ಗುಗಳೆಲ್ಲ ಆ ಹದಿನೈದಿಪ್ಪತ್ತರೊಳಗೇ ಮುಗಿಯಬೇಕು. ಮೂರು ಸ್ಟಾಪ್ ಮೇಲೆತ್ತಿದಾಗ ಮೆಟ್ಟಿಲುಗಳ ನಡುವಿನ ಅಂತರ ಕಣ್ಣಿಗೆ ಬೀಳುತ್ತದೆ. ಅದರ ಜೊತೆಗೆ ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಕುಗ್ಗಿಸಿರುತ್ತದೆ, ಕತ್ತಲಿನಲ್ಲಿ ಕಡಿಮೆ ಕಾಣುವ ವಿವರಗಳನ್ನು ಎಸೆದಿರುತ್ತದೆ. ನೀವು ಹೇಳುವ ಕಲೆಗಳಲ್ಲಿ ಬಹಳಷ್ಟು ಈ ಚೌಕಗಳ ಗುರುತುಗಳೇ.

ಹಾಗಾಗಿ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಆಕಾಶಕ್ಕೆ ಇಡಿ, ಕಂಬಗಳನ್ನು ಆಮೇಲೆ ಎತ್ತಿಕೊಳ್ಳಿ. ಐಎಸ್‌ಒ (ಬೆಳಕಿನ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, ಸಾಧ್ಯವಿದ್ದರೆ ಟ್ರೈಪಾಡ್. ಫೋಟೊ ನೋಡುವಾಗ ಸುಟ್ಟುಹೋದ ಭಾಗ ಮಿಣುಕಿ ತೋರಿಸುವ ಹೈಲೈಟ್ ಅಲರ್ಟ್ ಮೆನುವಿನಲ್ಲಿ ಇರುತ್ತದೆ, ಅದನ್ನು ಆನ್ ಮಾಡಿ. ಆಕಾಶ ಮಿಣುಕಿದರೆ ಶಟರ್ ವೇಗವನ್ನು ಮೂರನೇ ಒಂದು ಸ್ಟಾಪಿನಷ್ಟು ಹೆಚ್ಚಿಸುತ್ತ, ಮಿಣುಕು ನಿಲ್ಲುವ ತನಕ ಹೋಗಿ. ಸೂರ್ಯನ ಬಿಂಬವೇ ಚೌಕಟ್ಟಿನಲ್ಲಿದ್ದರೆ ಅದು ಮಿಣುಕಿಯೇ ಮಿಣುಕುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಕಂಪ್ಯೂಟರಿನಲ್ಲಿ ಮೊದಲು ಹೈಲೈಟ್ಸ್ (ಅತಿ ಬೆಳಕಿನ ಭಾಗ) ಇಳಿಸಿ, ನಂತರ ಶ್ಯಾಡೋಸ್ (ನೆರಳಿನ ಭಾಗ) ಏರಿಸಿ.

ಇನ್ನು ಮಿತಿಯ ಮಾತು. ಈಚಿನ ಹತ್ತು ವರ್ಷಗಳ ಕ್ಯಾಮೆರಾಗಳಲ್ಲಿ ಐಎಸ್‌ಒ 100ರಲ್ಲಿ ತೆಗೆದ ರಾ ಫೈಲಿನ ನೆರಳನ್ನು ಮೂರು ಸ್ಟಾಪ್ ಎತ್ತಬಹುದು. ನಾಲ್ಕು ದಾಟಿದರೆ ಕಾಳುಕಾಳಾದ ನಾಯ್ಸ್, ನೇರಳೆ ಅಥವಾ ಹಸಿರು ಛಾಯೆ ಬರತೊಡಗುತ್ತದೆ. ಐಎಸ್‌ಒ 1600ರಲ್ಲಾದರೆ ಎರಡು ಸ್ಟಾಪಿಗೇ ಆ ಸ್ಥಿತಿ. ಬೆಳಕಿನ ವ್ಯತ್ಯಾಸ ಅದಕ್ಕೂ ಹೆಚ್ಚಿದ್ದರೆ ಒಂದು ಫ್ರೇಮಿನ ಆಸೆ ಬಿಡಿ. ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ರಾ ತೆಗೆದು ಸೇರಿಸಿ. ಪೂರ್ತಿ ಸುಟ್ಟುಹೋದ ಆಕಾಶವನ್ನು ಮಾತ್ರ ಯಾವ ರಾ ಫೈಲೂ ಮರಳಿ ತರುವುದಿಲ್ಲ. ಸೆನ್ಸರಿನಲ್ಲಿ ದಾಖಲಾಗದ ಬೆಳಕು ಫೈಲಿನಲ್ಲೂ ಇರುವುದಿಲ್ಲ.

ರಾ ಫೋಟೊಗಳು ಜೆಪೆಗ್‌ಗಿಂತ ಸಪ್ಪೆಯಾಗಿವೆ. ಕಂಪ್ಯೂಟರಿನಲ್ಲಿ ತೆರೆದ ತಕ್ಷಣ ಒಂದು ಕ್ಷಣ ಚೆನ್ನಾಗಿ ಕಂಡು, ಆಮೇಲೆ ಕಣ್ಣೆದುರೇ ಮಂಕಾಗುತ್ತದೆ. ಕ್ಯಾಮೆರಾ ಹಾಳಾಗಿದೆಯೇ?
— ದಾವಣಗೆರೆಯ ಓದುಗರು

ಕ್ಯಾಮೆರಾ ಸರಿಯಾಗೇ ಇದೆ. ಪ್ರತಿ ರಾ ಫೈಲಿನೊಳಗೂ ಕ್ಯಾಮೆರಾ ತಾನೇ ತಯಾರಿಸಿದ ಒಂದು ಚಿಕ್ಕ ಜೆಪೆಗ್ ಇರುತ್ತದೆ. ಕ್ಯಾಮೆರಾದ ಪರದೆಯಲ್ಲಿ ನೋಡುವುದೂ, ಕಂಪ್ಯೂಟರಿನಲ್ಲಿ ಮೊದಲ ಕ್ಷಣ ಕಾಣುವುದೂ ಅದೇ. ಅದಕ್ಕೆ ಕಾಂಟ್ರಾಸ್ಟ್, ಬಣ್ಣದ ಗಾಢತೆ, ಶಾರ್ಪ್‌ನೆಸ್ ಎಲ್ಲವೂ ಆಗಲೇ ಸೇರಿವೆ. ಮರುಕ್ಷಣ ತಂತ್ರಾಂಶ ಅದನ್ನು ಬದಿಗಿಟ್ಟು ಸೆನ್ಸರಿನ ಅಂಕಿಗಳಿಂದ ತನ್ನದೇ ಚಿತ್ರ ಕಟ್ಟುತ್ತದೆ.

ಕಟ್ಟುತ್ತದೆ ಎಂಬ ಮಾತು ನಿಜಕ್ಕೂ ಸರಿ. ಸೆನ್ಸರಿನ ಒಂದೊಂದು ಬಿಂದುವೂ ಒಂದೇ ಬಣ್ಣ ಅಳೆಯುತ್ತದೆ. ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಈ ಜೋಡಣೆಯೇ ಇಂದಿಗೂ ಬಹುತೇಕ ಕ್ಯಾಮೆರಾಗಳಲ್ಲಿದೆ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಊಹಿಸಿ ತುಂಬಬೇಕು. ಜೆಪೆಗ್ ತೆಗೆದರೆ ಈ ಊಹೆಯನ್ನು ಕ್ಯಾಮೆರಾ ಅರೆಕ್ಷಣದಲ್ಲಿ ಮಾಡಿ ಮುಗಿಸುತ್ತದೆ. ರಾ ತೆಗೆದರೆ ಕಂಪ್ಯೂಟರ್ ನಿಧಾನವಾಗಿ, ನೀವು ಹೇಳಿದಂತೆ ಮಾಡುತ್ತದೆ.

ತಂತ್ರಾಂಶದಲ್ಲಿ ಪ್ರೊಫೈಲ್ ಎಂಬ ಆಯ್ಕೆ ಹುಡುಕಿ, ನಿಮ್ಮ ಕ್ಯಾಮೆರಾದ ಸ್ಟ್ಯಾಂಡರ್ಡ್ ಅಥವಾ ಲ್ಯಾಂಡ್‌ಸ್ಕೇಪ್ ಶೈಲಿಯನ್ನು ಹೋಲುವುದನ್ನು ಹಚ್ಚಿ. ಅರ್ಧ ಸಪ್ಪೆ ಅಲ್ಲೇ ಹೋಗುತ್ತದೆ. ಅನಂತರ ವೈಟ್ ಬ್ಯಾಲೆನ್ಸ್ (ದೀಪದ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿಸುವುದು), ಆಮೇಲೆ ಎಕ್ಸ್‌ಪೋಷರ್, ಹೈಲೈಟ್ಸ್ ಮತ್ತು ಶ್ಯಾಡೋಸ್, ಕಾಂಟ್ರಾಸ್ಟ್, ಕೊನೆಗೆ ನಾಯ್ಸ್ ಮತ್ತು ಶಾರ್ಪನಿಂಗ್. ಬಣ್ಣದ ಸ್ಯಾಚುರೇಷನ್ನಿಗೆ ಮೊದಲೇ ಕೈ ಹಾಕಬೇಡಿ. ವೈಟ್ ಬ್ಯಾಲೆನ್ಸ್ ಮತ್ತು ಕಾಂಟ್ರಾಸ್ಟ್ ಸರಿಯಾದ ಮೇಲೆ ಬಹಳ ಸಲ ಅದರ ಅಗತ್ಯವೇ ಬೀಳುವುದಿಲ್ಲ.

ರಾತ್ರಿ ಯಕ್ಷಗಾನದ ಫೋಟೊ ತೆಗೆಯುತ್ತೇನೆ. ಕೆಂಪು ಬಟ್ಟೆ ಬರೀ ಕೆಂಪು ಮುದ್ದೆಯಾಗಿ, ನೆರಿಗೆಯೇ ಕಾಣದಂತೆ ಬರುತ್ತದೆ. ಎಲ್‌ಇಡಿ ದೀಪ ಬಂದ ಮೇಲೆ ಮುಖಗಳ ಬಣ್ಣವೂ ಕೆಟ್ಟಿದೆ, ಕೆಲವೊಮ್ಮೆ ಅಡ್ಡ ಪಟ್ಟೆಗಳೂ ಬೀಳುತ್ತವೆ. ಹಿಸ್ಟೋಗ್ರಾಮ್ (ಹೊಳಪಿನ ಹಂಚಿಕೆ ತೋರಿಸುವ ನಕ್ಷೆ) ನೋಡಿದರೆ ಎಲ್ಲವೂ ಸರಿಯಾಗೇ ಇದೆ!
— ಉಡುಪಿಯ ಓದುಗರು

ನಿಮ್ಮ ಪತ್ರದಲ್ಲಿ ಮೂರು ಬೇರೆಬೇರೆ ತೊಂದರೆಗಳಿವೆ. ಎರಡಕ್ಕೆ ರಾ ಮದ್ದು, ಮೂರನೆಯದಕ್ಕೆ ಅಲ್ಲ.

ಕೆಂಪು ಮುದ್ದೆಯಾಗುವುದು ಕೆಂಪು ಚಾನೆಲ್ ಒಂದೇ ಮಿತಿ ಮೀರಿದಾಗ. ನೀವು ನೋಡಿದ್ದು ಬಹುಶಃ ಬಿಳಿ ಬಣ್ಣದ ಒಂದೇ ಹಿಸ್ಟೋಗ್ರಾಮ್. ಅದು ಒಟ್ಟು ಹೊಳಪಿನ ಲೆಕ್ಕ, ಅದರಲ್ಲಿ ಹಸಿರಿನದೇ ಹೆಚ್ಚಿನ ಪಾಲು, ಕೆಂಪು ತುಳುಕಿದ್ದು ಅದರಲ್ಲಿ ಗೊತ್ತೇ ಆಗುವುದಿಲ್ಲ. ಮೆನುವಿನಲ್ಲಿ ಆರ್‌ಜಿಬಿ ಹಿಸ್ಟೋಗ್ರಾಮ್ ಆಯ್ದುಕೊಂಡು, ಕೆಂಪಿನ ಗುಡ್ಡೆ ಬಲಗಡೆಯ ಗೋಡೆಗೆ ಒತ್ತಿ ನಿಂತಿದೆಯೇ ನೋಡಿ. ನಿಂತಿದ್ದರೆ ಮೂರನೇ ಎರಡು ಸ್ಟಾಪಿನಷ್ಟು ಎಕ್ಸ್‌ಪೋಷರ್ ಇಳಿಸಿ. ಇನ್ನೊಂದು ಸಂಗತಿ: ರಾ ತೆಗೆಯುತ್ತಿದ್ದರೂ ಕ್ಯಾಮೆರಾ ಹಿಸ್ಟೋಗ್ರಾಮನ್ನು ಒಳಗಿನ ಜೆಪೆಗ್‌ನಿಂದಲೇ ಬರೆಯುತ್ತದೆ. ಪಿಕ್ಚರ್ ಸ್ಟೈಲ್ ವಿವಿಡ್ ಇದ್ದರೆ ಸುಳ್ಳು ಎಚ್ಚರಿಕೆ ಹೆಚ್ಚು. ಅದನ್ನು ನ್ಯೂಟ್ರಲ್‌ಗೆ ಇಟ್ಟರೆ ರಾ ಫೈಲಿನ ನಿಜಸ್ಥಿತಿಗೆ ಹತ್ತಿರದ ಚಿತ್ರಣ ಸಿಗುತ್ತದೆ. ಜೆಪೆಗ್‌ನಲ್ಲಿ ಸುಟ್ಟಂತೆ ಕಂಡ ಕೆಂಪಿನಲ್ಲಿ ಅರ್ಧದಿಂದ ಒಂದು ಸ್ಟಾಪಿನಷ್ಟು ನೆರಿಗೆಯ ವಿವರ ರಾ ಫೈಲಿನಲ್ಲಿ ಉಳಿದಿರುವುದುಂಟು. ಹೈಲೈಟ್ಸ್ ಇಳಿಸಿದರೆ ಹೊರಬರುತ್ತದೆ.

ಮುಖದ ಬಣ್ಣಕ್ಕೆ ಬರೋಣ. ವೈಟ್ ಬ್ಯಾಲೆನ್ಸ್ ರಾ ಫೈಲಿನಲ್ಲಿ ಒಂದು ಟಿಪ್ಪಣಿಯಾಗಿ ಮಾತ್ರ ಇರುತ್ತದೆ, ಅಂಕಿಗಳಿಗೆ ಅಂಟಿಕೊಂಡಿರುವುದಿಲ್ಲ. ಹಾಗಾಗಿ 3000 ಕೆಲ್ವಿನ್‌ನಿಂದ 5500ಕ್ಕೆ ಬದಲಿಸಿದರೂ ಗುಣಮಟ್ಟಕ್ಕೆ ಏಟು ಬೀಳುವುದಿಲ್ಲ. ಆಟ ಶುರುವಾಗುವ ಮೊದಲು ರಂಗಸ್ಥಳದ ದೀಪ ಬೀಳುವ ಜಾಗದಲ್ಲಿ ಒಂದು ಗ್ರೇ ಕಾರ್ಡ್ (ತಟಸ್ಥ ಬೂದು ಬಣ್ಣದ ರಟ್ಟು) ಹಿಡಿಸಿ ಒಂದು ಫೋಟೊ ತೆಗೆದುಕೊಳ್ಳಿ. ಮನೆಗೆ ಬಂದು ಅದರ ಮೇಲೆ ತಂತ್ರಾಂಶದ ವೈಟ್ ಬ್ಯಾಲೆನ್ಸ್ ಡ್ರಾಪರ್ ಒತ್ತಿ, ಆ ಮೌಲ್ಯವನ್ನು ಎಲ್ಲ ಫೋಟೊಗಳಿಗೂ ಹಚ್ಚಿ. ಡ್ರಾಪರನ್ನು ವೇಷಧಾರಿಯ ಮುಖದ ಮೇಲೆ ಒತ್ತಬೇಡಿ. ಅಲ್ಲಿರುವುದು ಚರ್ಮದ ಬಣ್ಣವಲ್ಲ, ಬಣ್ಣಗಾರಿಕೆ. ಅದನ್ನು ಸರಿಪಡಿಸಲು ಹೋದರೆ ಕಲಾವಿದರು ಗಂಟೆಗಟ್ಟಲೆ ಕೂತು ಬರೆದುಕೊಂಡ ಬಣ್ಣವನ್ನೇ ಅಳಿಸಿದಂತೆ. ಬರೀ ನೀಲಿ ದೀಪವೊಂದೇ ಬಿದ್ದಿದ್ದರೆ ಯಾವ ವೈಟ್ ಬ್ಯಾಲೆನ್ಸೂ ಕೆಲಸ ಮಾಡುವುದಿಲ್ಲ, ಏಕೆಂದರೆ ಕೆಂಪು, ಹಸಿರಿನ ಮಾಹಿತಿಯೇ ಇರುವುದಿಲ್ಲ. ಅಂಥ ಫ್ರೇಮುಗಳನ್ನು ಕಪ್ಪುಬಿಳುಪು ಮಾಡುವುದೇ ಲೇಸು.

ಪಟ್ಟೆಗಳು ರಾ ಫೈಲಿನಲ್ಲೂ ಬೀಳುತ್ತವೆ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದಾದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100 ಇಟ್ಟರೆ ಒಂದು ಪೂರ್ಣ ಮಿನುಗು ಒಳಗೆ ಬಂದು ಪಟ್ಟೆ ಮಾಯವಾಗುತ್ತದೆ, ಆದರೆ ಗಿರಕಿ ಹೊಡೆಯುವ ವೇಷ ಮಸುಕಾಗುತ್ತದೆ. ಕುಣಿತಕ್ಕೆ 1/250 ಆದರೂ ಬೇಕು. ಕ್ಯಾಮೆರಾದಲ್ಲಿ ಆಂಟಿ ಫ್ಲಿಕರ್ (ದೀಪದ ಮಿನುಗಿಗೆ ತಕ್ಕಂತೆ ಶಟರ್ ತೆರೆಯುವ ಆಯ್ಕೆ) ಇದ್ದರೆ ಅದನ್ನು ಆನ್ ಮಾಡಿ, ಸೈಲೆಂಟ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿ. ಆಂಟಿ ಫ್ಲಿಕರ್ ಇಲ್ಲದಿದ್ದರೆ ನಿಂತು ಅರ್ಥ ಹೇಳುವ ಸನ್ನಿವೇಶಗಳಿಗೆ 1/100, ಕುಣಿತಕ್ಕೆ 1/250 ಇಟ್ಟು ನಾಲ್ಕಾರು ಹೆಚ್ಚುವರಿ ಫ್ರೇಮು ತೆಗೆಯಿರಿ, ಒಂದಾದರೂ ಪಟ್ಟೆಯಿಲ್ಲದೆ ಸಿಗುತ್ತದೆ.

ಒಂದು ರಾ ಫೈಲ್ ಎಷ್ಟು ಜಾಗ ತಿನ್ನುತ್ತದೆ? ಕಾರ್ಡ್, ಹಾರ್ಡ್ ಡಿಸ್ಕ್ ಎಷ್ಟರದು ಕೊಳ್ಳಬೇಕು? ಹಕ್ಕಿ ಹಾರುವಾಗ ಒತ್ತಿ ಹಿಡಿದರೆ ಕ್ಯಾಮೆರಾ ನಡುವೆ ನಿಂತುಬಿಡುತ್ತದೆ.
— ಬೆಂಗಳೂರಿನ ಓದುಗರು

ಲೆಕ್ಕ ಸುಲಭ. 24 ಮೆಗಾಪಿಕ್ಸೆಲ್ ಗುಣಿಸು 14 ಬಿಟ್, ಭಾಗಿಸು 8: ಕುಗ್ಗಿಸದ ಫೈಲು 42 ಎಂಬಿ. ಲಾಸ್‌ಲೆಸ್ ಕಂಪ್ರೆಸ್ಡ್ ಆಯ್ಕೆಯಲ್ಲಿ ಒಂದು ಅಂಕಿಯೂ ಕಳೆಯದೆ 25ರಿಂದ 30 ಎಂಬಿಗೆ ಇಳಿಯುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಅದಿದ್ದರೆ ಕಣ್ಣುಮುಚ್ಚಿ ಅದನ್ನೇ ಇಡಿ. ಅದೇ ಕ್ಯಾಮೆರಾದ ಉತ್ತಮ ಜೆಪೆಗ್ 8ರಿಂದ 12 ಎಂಬಿ. ಒಂದು ಫೈಲಿಗೆ 28 ಎಂಬಿ ಹಿಡಿದರೆ 64 ಜಿಬಿ ಕಾರ್ಡಿನಲ್ಲಿ ಸುಮಾರು 2,200 ಫೋಟೊ.

ಹವ್ಯಾಸಿಗಳಿಗೆ ಕಾರ್ಡಿಗಿಂತ ಹಾರ್ಡ್ ಡಿಸ್ಕೇ ಭಾರವಾಗುವುದು. ವಾರಕ್ಕೆ 500 ಫೋಟೊ ಅಂದರೆ 14 ಜಿಬಿ, ವರ್ಷಕ್ಕೆ 728 ಜಿಬಿ. ಆ 500ರಲ್ಲಿ 50 ಮಾತ್ರ ಉಳಿಸಿಕೊಂಡರೆ ವರ್ಷಕ್ಕೆ ಸುಮಾರು 73 ಜಿಬಿ. ಆದ್ದರಿಂದ ಅದೇ ವಾರ ಆರಿಸಿ ಅಳಿಸುವುದು ದೊಡ್ಡ ಡಿಸ್ಕಿಗಿಂತ ಒಳ್ಳೆಯ ಉಪಾಯ. ಮೊದಲ ಸುತ್ತಿನಲ್ಲಿ ಫೋಕಸ್ ತಪ್ಪಿದ್ದು, ಅಲುಗಿದ್ದು ತೆಗೆಯಿರಿ. ಎರಡನೇ ಸುತ್ತಿನಲ್ಲಿ ಒಂದೇ ಥರದವುಗಳಲ್ಲಿ ಒಳ್ಳೆಯದೊಂದನ್ನು ಇಟ್ಟುಕೊಳ್ಳಿ. ಉಳಿದದ್ದರ ಪ್ರತಿ ಎರಡು ಡಿಸ್ಕುಗಳಲ್ಲಿರಲಿ, ಒಂದನ್ನು ಬೇರೆ ಮನೆಯಲ್ಲಿಡಿ. ಎರಡೂ ಒಂದೇ ಕಪಾಟಿನಲ್ಲಿದ್ದರೆ ಕಳ್ಳತನವಾಗಲಿ, ನೀರು ನುಗ್ಗಲಿ, ಎರಡೂ ಒಟ್ಟಿಗೇ ಹೋಗುತ್ತವೆ.

ಕ್ಯಾಮೆರಾ ನಿಲ್ಲುವುದು ಬಫರ್, ಅಂದರೆ ಕಾರ್ಡಿಗೆ ಬರೆಯುವ ಮೊದಲು ಫೋಟೊಗಳನ್ನು ಇಟ್ಟುಕೊಳ್ಳುವ ಒಳ ಮೆಮೊರಿ, ತುಂಬಿದಾಗ. ಸೆಕೆಂಡಿಗೆ 5 ರಾ ಅಂದರೆ 140 ಎಂಬಿ. ಸಾಮಾನ್ಯ ಯುಎಚ್‌ಎಸ್-1 ಕಾರ್ಡ್ ವ್ಯವಸ್ಥೆಯ ಮೇಲ್ಮಿತಿಯೇ ಸೆಕೆಂಡಿಗೆ 104 ಎಂಬಿ, ಬರೆಯುವ ವೇಗ ಅದಕ್ಕೂ ಕಡಿಮೆ. ವಿ30 ಗುರುತಿನ ಕಾರ್ಡ್ ಕನಿಷ್ಠ 30 ಎಂಬಿ ವೇಗದ ಭರವಸೆ ಕೊಡುತ್ತದೆ. ವಿ60, ವಿ90 ಕಾರ್ಡಿಗೆ ದುಡ್ಡು ಸುರಿಯುವ ಮೊದಲು ನಿಮ್ಮ ಕ್ಯಾಮೆರಾ ಇನ್ನೂ ವೇಗದ ಯುಎಚ್‌ಎಸ್-2 ವ್ಯವಸ್ಥೆಯನ್ನು ಬೆಂಬಲಿಸುತ್ತದೆಯೇ ನೋಡಿ, ಇಲ್ಲದಿದ್ದರೆ ಆ ವೇಗ ಸಿಗುವುದಿಲ್ಲ. ರಂಗನತಿಟ್ಟಿನಲ್ಲಿ ಗೂಡಿಗೆ ಇಳಿಯುವ ಕೊಕ್ಕರೆಗೆ ಇಡೀ ಹಾರಾಟ ಒತ್ತಿ ಹಿಡಿಯುವ ಬದಲು, ರೆಕ್ಕೆ ಬಿಚ್ಚಿ ಕಾಲು ಚಾಚುವ ಹೊತ್ತಿಗೆ ನಾಲ್ಕೈದು ಫ್ರೇಮು ಒತ್ತಿ ಬಿಡಿ. ಬಫರ್ ಖಾಲಿಯಾಗಲು ಬಿಡುವು ಸಿಗುತ್ತದೆ, ಮುಖ್ಯ ಕ್ಷಣಕ್ಕೆ ಕ್ಯಾಮೆರಾ ಕೈಕೊಡುವುದಿಲ್ಲ.

ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ತೆಗೆಯುವುದು ಸರಿಯೇ?
— ಶಿವಮೊಗ್ಗದ ಓದುಗರು

ಮೊದಲ ಆರು ತಿಂಗಳು ಹಾಗೇ ಮಾಡಿ. ವಾಟ್ಸ್ಯಾಪಿನಲ್ಲಿ ಕಳಿಸಲು ಜೆಪೆಗ್ ತಕ್ಷಣ ಸಿಗುತ್ತದೆ, ರಾ ಸಂಸ್ಕರಣೆ ಕಲಿಯುವಾಗ ಎದುರಿಗಿಟ್ಟು ಹೋಲಿಸಲೂ ಆಗುತ್ತದೆ. ನಿಮ್ಮ ಕೈಯ ರಾ ಫೋಟೊ ಕ್ಯಾಮೆರಾದ ಜೆಪೆಗ್‌ಗಿಂತ ಸದಾ ಚೆನ್ನಾಗಿ ಬರತೊಡಗಿದ ದಿನ ಜೆಪೆಗ್ ನಿಲ್ಲಿಸಿ. ಆ ದಿನ ಬಾರದಿದ್ದರೆ, ಸಂಸ್ಕರಣೆಗೆ ಕೂರುವ ಮನಸ್ಸೇ ಇಲ್ಲದಿದ್ದರೆ, ಜೆಪೆಗ್ ಒಂದನ್ನೇ ಇಟ್ಟುಕೊಳ್ಳಿ. ತೆರೆಯದ ರಾ ಫೈಲುಗಳಿಂದ ಡಿಸ್ಕು ತುಂಬುತ್ತದೆಯೇ ಹೊರತು ಬೇರೇನೂ ಲಾಭವಿಲ್ಲ. ಹುಟ್ಟುಹಬ್ಬ, ಗೃಹಪ್ರವೇಶದಂಥ ನೂರಾರು ಫೋಟೊಗಳ ಕಾರ್ಯಕ್ರಮಕ್ಕೆ, ಬೆಳಕು ಹದವಾಗಿದ್ದರೆ, ಜೆಪೆಗ್ ಸಾಕು. ಆದರೆ ಜೆಪೆಗ್ ತಿದ್ದಿದಾಗ ಅದರ ಮೇಲೇ ಸೇವ್ ಮಾಡಬೇಡಿ, ಪ್ರತಿ ಸಲವೂ ಮತ್ತಷ್ಟು ವಿವರ ಹೋಗುತ್ತದೆ.

ಲೈಟ್‌ರೂಮಿಗೆ ತಿಂಗಳು ತಿಂಗಳು ದುಡ್ಡು ಕಟ್ಟಲು ಆಗುವುದಿಲ್ಲ. ಪುಕ್ಕಟೆ ತಂತ್ರಾಂಶ ಯಾವುದಿದೆ? ಒಮ್ಮೆ ತಿದ್ದಿಟ್ಟ ಫೋಟೊಗಳನ್ನು ಬೇರೆ ಫೋಲ್ಡರಿಗೆ ಹಾಕಿದ ಮೇಲೆ ತಿದ್ದಿದ್ದೆಲ್ಲ ಹೋಯಿತು, ಯಾಕೆ?
— ಸಾಗರದ ಓದುಗರು

ಡಾರ್ಕ್‌ಟೇಬಲ್ ಮತ್ತು ರಾಥೆರಪಿ, ಎರಡೂ ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಕೆನಾನ್ ಇದ್ದವರಿಗೆ ಆ ಕಂಪನಿಯದೇ ಡಿಪಿಪಿ, ನಿಕಾನ್ ಇದ್ದವರಿಗೆ ಎನ್‌ಎಕ್ಸ್ ಸ್ಟುಡಿಯೋ ಉಚಿತ. ಹೊಸಬರಿಗೆ ನಾವು ಹೇಳುವುದು ಕಂಪನಿಯ ತಂತ್ರಾಂಶದಿಂದ ಶುರುಮಾಡಿ ಎಂದೇ. ಕ್ಯಾಮೆರಾದ ಬಣ್ಣಗಳೇ ಅಲ್ಲಿ ಬರುವುದರಿಂದ ಸಪ್ಪೆಯ ತಲೆನೋವಿಲ್ಲ. ಡಾರ್ಕ್‌ಟೇಬಲ್ ಬಹಳ ಶಕ್ತಿಯುತ, ಆದರೆ ಕೈಗೆ ಹತ್ತಲು ಒಂದೆರಡು ತಿಂಗಳು ಬೇಕು.

ಕ್ಯಾಮೆರಾ ಹೊಸದು, ತಂತ್ರಾಂಶ ಹಳೆಯದು ಆದರೆ ಫೈಲು ತೆರೆಯುವುದಿಲ್ಲ. ರಾ ಎಂದರೆ ಒಂದೇ ಫಾರ್ಮ್ಯಾಟ್ ಅಲ್ಲ. ಕೆನಾನ್‌ಗೆ ಸಿಆರ್2, ಸಿಆರ್3, ನಿಕಾನ್‌ಗೆ ಎನ್‌ಇಎಫ್, ಸೋನಿಗೆ ಎಆರ್‌ಡಬ್ಲ್ಯು. ಒಂದೇ ಕಂಪನಿಯದಾದರೂ ಮಾದರಿಯಿಂದ ಮಾದರಿಗೆ ಒಳಗಿನ ವಿನ್ಯಾಸ ಬದಲಾಗುತ್ತದೆ. ತಂತ್ರಾಂಶವನ್ನು ಅಪ್‌ಡೇಟ್ ಮಾಡಿ. ಆಗದಿದ್ದರೆ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್‌ನಲ್ಲಿ ಬದಲಿಸಿಕೊಂಡು ತೆರೆಯಿರಿ. ಡಿಎನ್‌ಜಿ 2004ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಂದ ಫಾರ್ಮ್ಯಾಟ್, ಹಳೆಯ ತಂತ್ರಾಂಶಗಳೂ ಅದನ್ನು ಓದುವುದುಂಟು.

ನೀವು ತಿದ್ದಿದ್ದು ಕಳೆದದ್ದಕ್ಕೆ ಕಾರಣ ಇದು: ಬಹುತೇಕ ತಂತ್ರಾಂಶಗಳು ರಾ ಫೈಲನ್ನು ಮುಟ್ಟುವುದಿಲ್ಲ. ಮಾಡಿದ ಬದಲಾವಣೆಗಳನ್ನೆಲ್ಲ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲಿನಲ್ಲಿ ಅಥವಾ ತಮ್ಮ ಕ್ಯಾಟಲಾಗಿನಲ್ಲಿ (ಫೋಟೊಗಳ ದಾಖಲೆ ಪುಸ್ತಕ) ಬರೆದಿಡುತ್ತವೆ. ನೀವು ರಾ ಮಾತ್ರ ಎತ್ತಿ ಹಾಕಿದ್ದೀರಿ, ಎಕ್ಸ್‌ಎಂಪಿ ಹಳೆಯ ಫೋಲ್ಡರಿನಲ್ಲೇ ಉಳಿದಿರಬೇಕು. ಅಲ್ಲಿ ಹೋಗಿ ನೋಡಿ. ಇದ್ದರೆ ರಾ ಪಕ್ಕಕ್ಕೆ ತಂದಿಟ್ಟು ಮತ್ತೊಮ್ಮೆ ಇಂಪೋರ್ಟ್ ಮಾಡಿ, ಎಲ್ಲವೂ ಮರಳಿ ಬರುತ್ತದೆ. ಇನ್ನು ಮುಂದೆ ಫೈಲು ಸರಿಸುವುದು, ಹೆಸರು ಬದಲಿಸುವುದು ತಂತ್ರಾಂಶದ ಒಳಗಿನಿಂದಲೇ ಆಗಲಿ. ತೀರಾ ಮೆಚ್ಚಿನ ಫೋಟೊಗಳನ್ನು 16 ಬಿಟ್ ಟಿಫ್ (ವಿವರ ಕಳೆಯದೆ ಉಳಿಸುವ ಚಿತ್ರ ಫಾರ್ಮ್ಯಾಟ್) ಆಗಿಯೂ ಒಂದು ಪ್ರತಿ ತೆಗೆದಿಡಿ.

ನನ್ನ ಹತ್ರ ಕ್ಯಾಮೆರಾ ಇಲ್ಲರೀ, ಮೊಬೈಲ್ ಅಷ್ಟ ಐತಿ. ಅದರಾಗ ಪ್ರೊ ಮೋಡಿನಾಗ ರಾ ಅಂತ ಐತಿ. ತೆಗೆದು ನೋಡಿದರ ಸಾದಾ ಫೋಟೊನ ಛಲೋ ಕಾಣತೈತಿ. ಹಂಗ್ಯಾಕ್ರೀ?
— ಹುಬ್ಬಳ್ಳಿಯ ಓದುಗರು

ನಿಮ್ಮ ಕಣ್ಣು ಸರಿಯಾಗೇ ಹೇಳಿದೆ. ಸಾದಾ ಫೋಟೊ ತೆಗೆಯುವಾಗ ಮೊಬೈಲು ಒಂದೇ ಒತ್ತಿಗೆ ಹಲವು ಫ್ರೇಮು ತೆಗೆದು, ಒಂದರ ಮೇಲೊಂದು ಕೂಡಿಸಿ ನಾಯ್ಸ್ ಕಡಿಮೆ ಮಾಡಿ ಕೊಡುತ್ತದೆ. ಪ್ರೊ ಮೋಡಿನ ರಾ ಬಹಳಷ್ಟು ಮೊಬೈಲುಗಳಲ್ಲಿ ಒಂದೇ ಫ್ರೇಮು. ಪುಟ್ಟ ಸೆನ್ಸರಿನ ನಾಯ್ಸ್ ಪೂರಾ ಅದರಲ್ಲಿ ಕಾಣುತ್ತದೆ. ಆದ್ದರಿಂದ ರಾತ್ರಿ ಹೊತ್ತು, ಮನೆಯೊಳಗೆ, ಓಡಾಡುವ ಮಕ್ಕಳಿಗೆ ಸಾದಾ ಮೋಡೇ ಒಳ್ಳೆಯದು. ಮೊಬೈಲಿನ ರಾ ಕೆಲಸಕ್ಕೆ ಬರುವುದು ಹಗಲು ಬೆಳಕಿನಲ್ಲಿ, ಅದೂ ಹುಲ್ಲು, ಎಲೆ, ಬಟ್ಟೆಯ ನೇಯ್ಗೆಯಂಥ ಸೂಕ್ಷ್ಮ ವಿವರ ಬೇಕಾದಾಗ. ಸಾದಾ ಫೋಟೊದಲ್ಲಿ ಇವೆಲ್ಲ ಬಣ್ಣ ಬಳಿದಂತೆ ನುಣುಪಾಗುತ್ತವೆ.

ಬೆಳಿಗ್ಗೆ ಉಣಕಲ್ ಕೆರೆ ದಂಡೆಗೆ ಹೋಗಿ ಪರೀಕ್ಷೆ ಮಾಡಿ: ಮೊಬೈಲನ್ನು ಕಟ್ಟೆಯ ಮೇಲೆ ಒರಗಿಸಿ, ಐಎಸ್‌ಒ 50 ಅಥವಾ 100 ಇಟ್ಟು, ಎರಡು ಸೆಕೆಂಡ್ ಟೈಮರ್ ಹಾಕಿ, ಅದೇ ದೃಶ್ಯವನ್ನು ಸಾದಾ ಮೋಡಿನಲ್ಲೂ ರಾದಲ್ಲೂ ತೆಗೆಯಿರಿ. ಸ್ನ್ಯಾಪ್‌ಸೀಡ್ ಉಚಿತವಾಗಿ ಡಿಎನ್‌ಜಿ ಫೈಲ್ ತೆರೆಯುತ್ತದೆ. ದಡದ ಹುಲ್ಲನ್ನು ದೊಡ್ಡದು ಮಾಡಿ ಎರಡರಲ್ಲೂ ನೋಡಿ. ಐಫೋನ್ 12 ಪ್ರೊದಿಂದ ಮುಂದಿನ ಪ್ರೊ ಮಾದರಿಗಳ ಪ್ರೊರಾ, ಸ್ಯಾಮ್‌ಸಂಗ್‌ನ ಕೆಲವು ಮಾದರಿಗಳಿಗೆ ಸಿಗುವ ಎಕ್ಸ್‌ಪರ್ಟ್ ರಾ ಆ್ಯಪ್ ಬೇರೆ ಜಾತಿಯವು. ಅವು ಹಲವು ಫ್ರೇಮು ಕೂಡಿಸಿದ ಮೇಲೆ ಡಿಎನ್‌ಜಿ ಉಳಿಸುತ್ತವೆ. ನಿಮ್ಮ ಮೊಬೈಲಿಗೆ ಅಂಥದ್ದು ಇದ್ದರೆ ಅದನ್ನೇ ಬಳಸಿ, ಆದರೆ ಜಾಗ ನೋಡಿಕೊಳ್ಳಿ. 48 ಮೆಗಾಪಿಕ್ಸೆಲ್ ಪ್ರೊರಾ ಒಂದೊಂದು ಸುಮಾರು 75 ಎಂಬಿ ಆಗುತ್ತದೆ.

ಕಾರ್ಡನ್ನು ಕಾಪಿ ಮಾಡುವ ಮೊದಲೇ ಫಾರ್ಮ್ಯಾಟ್ ಮಾಡಿಬಿಟ್ಟೆ. ರಾ ಫೈಲುಗಳು ಮರಳಿ ಸಿಗುತ್ತವೆಯೇ?
— ಮಡಿಕೇರಿಯ ಓದುಗರು

ಈಗಲೇ ಕಾರ್ಡ್ ಹೊರಗೆ ತೆಗೆಯಿರಿ, ಅದರಲ್ಲಿ ಇನ್ನೊಂದು ಫೋಟೊವನ್ನೂ ತೆಗೆಯಬೇಡಿ. ಕ್ಯಾಮೆರಾದ ಸಾಮಾನ್ಯ ಫಾರ್ಮ್ಯಾಟ್ ಫೈಲುಗಳ ಪಟ್ಟಿಯನ್ನಷ್ಟೇ ಅಳಿಸುತ್ತದೆ, ಫೈಲುಗಳು ಅವುಗಳ ಮೇಲೆ ಹೊಸದು ಬರೆಯುವ ತನಕ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಕಾರ್ಡನ್ನು ಪೂರ್ತಿ ಅಳಿಸುವ ಲೋ ಲೆವೆಲ್ ಫಾರ್ಮ್ಯಾಟ್ ಆಯ್ದಿದ್ದರೆ ಮಾತ್ರ ಆಸೆ ಕಡಿಮೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ರಾ ಫೈಲುಗಳನ್ನೂ ಗುರುತಿಸಿ ಎತ್ತುತ್ತದೆ. ಕಾರ್ಡ್ ರೀಡರಿನಲ್ಲಿ ಹಾಕಿ ಓಡಿಸಿ, ಸಿಕ್ಕ ಫೈಲುಗಳನ್ನು ಕಂಪ್ಯೂಟರಿನ ಡಿಸ್ಕಿಗೆ ಉಳಿಸಿ, ಅದೇ ಕಾರ್ಡಿಗಂತೂ ಬೇಡ. ಹಳೆಯ ಹೆಸರುಗಳು ಬರುವುದಿಲ್ಲ, ಆದರೆ ತೆಗೆದ ದಿನಾಂಕ ಮತ್ತು ಸಮಯ ಫೈಲಿನೊಳಗೇ ಇರುವುದರಿಂದ ಅದರ ಪ್ರಕಾರ ಜೋಡಿಸಿಕೊಳ್ಳಬಹುದು. ಕೆಲವು ಫೈಲು ಅರ್ಧ ಮಾತ್ರ ತೆರೆದು ಕೆಳಭಾಗ ಬೂದು ಅಥವಾ ಗುಲಾಬಿ ಬಣ್ಣಕ್ಕೆ ತಿರುಗಬಹುದು. ಅಂಥ ಫೈಲುಗಳನ್ನೂ ಎಸೆಯಬೇಡಿ, ಒಳಗಿನ ಜೆಪೆಗ್ ಕೆಡದೆ ಉಳಿದಿರುವುದುಂಟು. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಬಳಸಿ ಅದನ್ನು ಹೊರತೆಗೆಯಿರಿ.